ತಳಕಲ್ಲಿನ ಪದವಿ, ಜಗತ್ತಿನ ಅಳತೆಗೋಲು

ನನ್ನ ಬಾಲ್ಯದಲ್ಲಿ ಉನ್ನತ ವ್ಯಾಸಂಗವೆಂದರೆ ತಳಕಲ್ಲನ್ನು ಬಿಟ್ಟು ಹೊರಡುವುದೇ ಆಗಿತ್ತು. ಇಂದು ನಮ್ಮೂರಲ್ಲೇ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಮೊನ್ನೆ ನೆರೆಯ ರೈತರೊಬ್ಬರು ಕೇಳಿದರು: “ಸರ, ನನ್ನ ಮಗಳು ಇಲ್ಲೇ ಓದಿದ್ರ ಆ ಡಿಗ್ರಿ ಹೊರದೇಶದಾಗ ನಡೀತೈತೇನ್ರೀ?” ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ.

1989ರಲ್ಲಿ ಆರು ದೇಶಗಳ ಇಂಜಿನಿಯರಿಂಗ್ ಸಂಸ್ಥೆಗಳು ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡು, ತಾವು ಮಾನ್ಯಮಾಡಿದ ಪದವಿಗಳನ್ನು ಪರಸ್ಪರ ಮನ್ನಿಸತೊಡಗಿದವು. 2014ರಲ್ಲಿ ಭಾರತವು ಅದರ ಪೂರ್ಣ ಸದಸ್ಯವಾಯಿತು. ಎಷ್ಟು ಪಾಠ ನಡೆಯಿತೆಂಬುದಕ್ಕಿಂತ ವಿದ್ಯಾರ್ಥಿ ಏನನ್ನು ಮಾಡಬಲ್ಲನೆಂಬುದನ್ನು ಅಳೆಯುವ ಪದ್ಧತಿ ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿಗೂ ಬಂದಿತು. ಇದು ಸ್ವಾಗತಾರ್ಹವೇ. ಆದರೆ ಒಪ್ಪಂದದ ಮನ್ನಣೆಯು ಮಂಡಳಿಯ ಮೊದಲ ವರ್ಗಕ್ಕೆ, ಎಂದರೆ ವಿಶ್ವವಿದ್ಯಾಲಯಗಳು ಮತ್ತು ಸ್ವಾಯತ್ತ ಕಾಲೇಜುಗಳ ಮಾನ್ಯತೆ ಪಡೆದ ಪಾಠಕ್ರಮಗಳಿಗೆ ಮಾತ್ರ ಸಲ್ಲುತ್ತದೆ. ಸ್ವಾಯತ್ತತೆಯಿಲ್ಲದ ಸಂಯೋಜಿತ ಕಾಲೇಜು ಮಂಡಳಿಯ ಮಾನ್ಯತೆ ಪಡೆದರೂ ಎರಡನೆಯ ವರ್ಗದಲ್ಲೇ ನಿಲ್ಲುತ್ತದೆ. ಅಲ್ಲಿ ಓದಿದವರು ಹೊರದೇಶದಲ್ಲಿ ಇಂಜಿನಿಯರ್ ಪರವಾನಗಿ ಬಯಸಿದರೆ ಪ್ರತ್ಯೇಕ ಪರಿಶೀಲನೆಯ ದಾರಿ ಹಿಡಿಯಬೇಕಾಗುತ್ತದೆ.

ಇದನ್ನೆಲ್ಲ ವಿವರಿಸಿದಾಗ ಆ ರೈತರು ಕ್ಷಣಹೊತ್ತು ಸುಮ್ಮನಿದ್ದು, “ಅಂದ್ರ ಹುಡುಗಿ ತಪ್ಪಲ್ಲ, ಕಾಲೇಜಿನ ವರ್ಗ ಬ್ಯಾರೆ” ಎಂದರು. ನಾನು ತಲೆದೂಗಿದೆ. ಅಳತೆಗೋಲು ಎಲ್ಲರಿಗೂ ಒಂದೇ ಇರಲಿ. ಆದರೆ ನೀರು ಹಾಯಿಸದ ಹೊಲದ ಫಸಲನ್ನು ಅದರಿಂದ ಅಳೆಯುವುದು ನ್ಯಾಯವೇ? ಪ್ರಯೋಗಾಲಯ, ಗ್ರಂಥಾಲಯ, ಕಾಯಂ ಅಧ್ಯಾಪಕರು ಹಳ್ಳಿಯ ಕಾಲೇಜುಗಳಿಗೆ ಮೊದಲು ದೊರೆಯಬೇಕು. ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ ಮೇಲೆ ಬಂದ ನಾವು ಇದನ್ನು ಕೇಳದಿದ್ದರೆ ಮತ್ತಾರು ಕೇಳಬೇಕು?