ಸ್ವಲ್ಪ ಅಡ್ಜಸ್ಟ್ ಮಾಡಿ

ಗಚ್ಚಿಬೌಲಿಯ ಕಡೆಯ ಸೈಕಲ್ ಅಂಗಡಿಯೊಂದರಲ್ಲಿ ನಿಂತು "ಇಪ್ಪತ್ನಾಲ್ಕು ಇಂಚಿನ ಸೈಕಲ್ ತೋರಿಸಿ" ಅಂದೆ. ಹುಡುಗ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಒಳಗೆ ಹೋಗಿ, ಮುಂದೆ ಬುಟ್ಟಿ ಇದ್ದ ಗುಲಾಬಿ ಬಣ್ಣದ ಪುಟ್ಟ ಸೈಕಲ್ಲೊಂದನ್ನು ತಂದು ನಿಲ್ಲಿಸಿ, "ಪಾಪ ವಯಸ್ಸು ಎಂತ ಸಾರ್?" ಎಂದು ತೆಲುಗಿನಲ್ಲಿ ಕೇಳಿದ. ನಾನು ಆರಡಿ ಮೂರಿಂಚು. ಸೈಕಲ್ ನನಗೇ ಬೇಕಾಗಿತ್ತು.

ತಪ್ಪು ಇಬ್ಬರದೂ ಅಲ್ಲ. ಈಗಿನ ಅಂಗಡಿಯಲ್ಲಿ 24, 26, 29 ಅಂದರೆ ಚಕ್ರದ ಅಳತೆ. ನನ್ನ ತಲೆಯಲ್ಲಿದ್ದ ಇಪ್ಪತ್ನಾಲ್ಕು ಅಪ್ಪನ ಅಟ್ಲಾಸ್ ಸೈಕಲ್ಲಿನದು. ಆಗಿನ ಕರಿ ಸೈಕಲ್ಲುಗಳ ಚಕ್ರ 28 ಇಂಚು. ಫ್ರೇಮು ಮಾತ್ರ ಎರಡು ಅಳತೆಯಲ್ಲಿ ಬರುತ್ತಿತ್ತು, 22 ಮತ್ತು 24. ಪೆಡಲ್ಲಿನ ಅಚ್ಚಿನಿಂದ ಸೀಟಿನ ಕೆಳಗಿನವರೆಗೆ ಹೋಗುವ ನಳಿಗೆಯ ಉದ್ದ ಅದು. ಇದನ್ನೆಲ್ಲ ಹುಡುಗನಿಗೆ ವಿವರಿಸಲು ಹೋಗಲಿಲ್ಲ. ಅವನು ಅಂಗಡಿಯಲ್ಲಿದ್ದ ದೊಡ್ಡ ಸೈಕಲ್ ತಂದ. ಅದರ ಮೇಲೆ 'ಎಲ್' ಎಂದು ಬರೆದಿತ್ತು. ಸೀಟು ಎತ್ತಿದರೂ ಏನೋ ಗಿಡ್ಡ ಅನ್ನಿಸಿತು. "ಅಡ್ಜಸ್ಟ್ ಅವುತುಂದಿ ಸಾರ್" ಅಂದ. ಆ ಮಾತು ಕೇಳಿದ ಮೇಲೆ ನಮ್ಮ ಕಡೆಯವರು ಮುಂದೆ ಏನೂ ಕೇಳುವುದಿಲ್ಲ. ದುಡ್ಡು ಕೊಟ್ಟು ತಂದೆ.

ಇದು 2023ರ ಡಿಸೆಂಬರ್. ಆ ವರ್ಷದ ಅಕ್ಟೋಬರ್ 1ರಂದು ಔಟರ್ ರಿಂಗ್ ರೋಡಿನ ಪಕ್ಕದಲ್ಲಿ ಸೋಲಾರ್ ಚಾವಣಿಯ ಸೈಕಲ್ ಹಾದಿ ಶುರುವಾಗಿತ್ತು. ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿಯ ಕಡೆಗೊಂದು, ನಾರ್ಸಿಂಗಿಯಿಂದ ಕೊಲ್ಲೂರಿಗೊಂದು, ಎರಡೂ ಸೇರಿ 23 ಕಿಲೋಮೀಟರ್. ನನಗೆ ಆಗಷ್ಟೇ ಸಕ್ಕರೆ ಗಡಿರೇಖೆಗೆ ಬಂದಿದೆ ಎಂದು ರಿಪೋರ್ಟು ಹೇಳಿತ್ತು. ಕೂತು ಮಾಡುವ ಕೆಲಸ, ರಾತ್ರಿ ಹತ್ತಕ್ಕೆ ಅಮೆರಿಕದವರ ಜೊತೆ ಕಾಲ್, ಹನ್ನೊಂದಕ್ಕೆ ಊಟ. ಸೈಕಲ್ ತುಳಿಯುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ.

ಎತ್ತರದವರಿಗೆ ಬಗ್ಗುವುದು ಅಭ್ಯಾಸ. ಊರಿನ ಮನೆಯ ಬಾಗಿಲಿಗೆ ಬಗ್ಗುತ್ತೇವೆ, ಬಸ್ಸಿನಲ್ಲಿ ಕತ್ತು ವಾಲಿಸಿ ನಿಲ್ಲುತ್ತೇವೆ, ಹಾಸ್ಟೆಲ್ ಮಂಚದಲ್ಲಿ ಮೂಲೆಯಿಂದ ಮೂಲೆಗೆ ಮಲಗುತ್ತೇವೆ. ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಹೋಗು ಎಂದು ಯಾರೂ ಹೇಳಬೇಕಾಗಿಲ್ಲ. ಹೀಗಾಗಿ ಸೈಕಲ್ಲಿನ ಮೇಲೂ ಬಗ್ಗಿ ಕೂತದ್ದು ನನಗೆ ವಿಶೇಷ ಅನ್ನಿಸಲಿಲ್ಲ. ಕಾಲು ಚಾಚಲೆಂದು ಸೀಟಿನ ಕಂಬವನ್ನು ಎತ್ತಿದೆ, ಮತ್ತೆ ಎತ್ತಿದೆ. ಅದರ ಮೇಲೆ ಒಂದು ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಎತ್ತಬಾರದು, ಎತ್ತಿದರೆ ಕಂಬ ಬಾಗಬಹುದು, ಫ್ರೇಮು ಸೀಳಬಹುದು. ನನ್ನದರಲ್ಲಿ ಗೆರೆ ಕಾಣುತ್ತಿತ್ತು.

ವರ್ಷ ಕಳೆಯುವಷ್ಟರಲ್ಲಿ ಬೆರಳು ಜೋಮು ಹಿಡಿಯತೊಡಗಿತು. ಮೊದಲು ಇಪ್ಪತ್ತು ಕಿಲೋಮೀಟರ್ ಆದಮೇಲೆ, ಆಮೇಲೆ ಹತ್ತಕ್ಕೇ. ಕೊನೆಕೊನೆಗೆ ಆಫೀಸಿನಲ್ಲಿ ಕೀಬೋರ್ಡಿನ ಮೇಲೆ ಕಿರುಬೆರಳು ಎಲ್ಲಿದೆ ಎಂದು ನೋಡಿ ತಿಳಿಯಬೇಕಾಯಿತು. ನನಗೆ ಹೊಳೆದದ್ದು ಒಂದೇ, ಅಪ್ಪನ ಕಾಯಿಲೆ. ಅಪ್ಪನಿಗೆ ಸಕ್ಕರೆ ಇತ್ತು. ಕೊನೆಯ ವರ್ಷಗಳಲ್ಲಿ ಚಪ್ಪಲಿ ಕಾಲಿನಿಂದ ಜಾರಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಒಂದೇ ಚಪ್ಪಲಿಯಲ್ಲಿ ಅಂಗಳದ ತನಕ ನಡೆದು ಬರುತ್ತಿದ್ದರು. ನನಗೂ ಅದೇ ಶುರುವಾಯಿತು ಅಂದುಕೊಂಡೆ. ಹೆಂಡತಿಗೆ ಹೇಳಲಿಲ್ಲ. ಸೈಕಲ್ ತುಳಿದೂ ಪ್ರಯೋಜನವಿಲ್ಲವೆಂದು ಒಂದು ತಿಂಗಳು ಅದನ್ನು ಬಾಲ್ಕನಿಯಲ್ಲಿ ನಿಲ್ಲಿಸಿದೆ.

ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ್ದು ಎರಡೇ ಪ್ರಶ್ನೆ. ಯಾವ ಬೆರಳು? ಕಿರುಬೆರಳು, ಉಂಗುರದ ಬೆರಳು. ಯಾವಾಗ ಹೆಚ್ಚು? ಸೈಕಲ್ ತುಳಿದ ದಿನ. ಸಕ್ಕರೆಯಿಂದ ನರ ಕೆಡುವುದು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದೆ, ನಿಮ್ಮ ಪಾದ ಸರಿಯಾಗಿದೆ ಅಂದರು. ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರ ಹ್ಯಾಂಡಲ್ಲಿಗೆ ಒತ್ತಿ ಹೀಗಾಗುತ್ತದೆ, ಇದಕ್ಕೆ 'ಹ್ಯಾಂಡಲ್‌ಬಾರ್ ಪಾಲ್ಸಿ' ಎಂದೇ ಹೆಸರಿದೆ ಅಂದರು. ಮಾತ್ರೆ ಬರೆಯಲಿಲ್ಲ. "ಸೈಕಲ್ ಯಾರಿಗಾದರೂ ತೋರಿಸಿ" ಅಂದರು.

ತೋರಿಸಿದ್ದು ಕೋಠಿ ಕಡೆಯ ಒಬ್ಬ ವಯಸ್ಸಾದ ಮೆಕ್ಯಾನಿಕ್‌ಗೆ. ಅವರು ನನ್ನನ್ನು ಸೈಕಲ್ ಮೇಲೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ನಕ್ಕರು. "ಯೇ ಆಪ್‌ಕೀ ನೈ ಸಾಬ್, ಆಪ್‌ಕೇ ಬಚ್ಚೇ ಕೀ ಹೈ." ಸೀಟಿಗಿಂತ ಹ್ಯಾಂಡಲ್ 14 ಸೆಂಟಿಮೀಟರ್ ಕೆಳಗಿತ್ತು. ಮೈಯ ಭಾರವೆಲ್ಲ ಅಂಗೈ ಮೇಲೆ. ಸೀಟು ಹಿಂದೆಮುಂದೆ ಮಾಡಬಹುದು, ಹ್ಯಾಂಡಲ್ ಹಿಡಿಯುವ ಸ್ಟೆಮ್ ಬದಲಿಸಬಹುದು, ಪೆಡಲ್ ಬದಲಿಸಬಹುದು, ಫ್ರೇಮು ಮಾತ್ರ ಬೆಳೆಯುವುದಿಲ್ಲ ಸಾಬ್ ಅಂದರು. ಸದ್ಯಕ್ಕಿರಲಿ ಎಂದು ಮೇಲಕ್ಕೆ ಬಾಗಿದ ಸ್ಟೆಮ್ ಹಾಕಿಕೊಟ್ಟರು. ಜೋಮು ಅರ್ಧ ಇಳಿಯಿತು.

ಆ ರಾತ್ರಿ ನಾನು ಎರಡು ವರ್ಷದ ಹಿಂದೆಯೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ, ಸೀಟು ಒತ್ತುವಷ್ಟೇ ಒತ್ತಿ ಮೇಲಕ್ಕೆ ಹಿಡಿದೆ. ಪುಸ್ತಕದ ಮೇಲಂಚಿಗೆ ಹೆಂಡತಿ ಪೆನ್ಸಿಲ್ ಗುರುತು ಹಾಕಿದಳು. ನೆಲದಿಂದ 90 ಸೆಂಟಿಮೀಟರ್. ಈ ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನಿಂದ ಸೀಟಿನ ಮೇಲ್ಭಾಗದ ಎತ್ತರ ಸುಮಾರಾಗಿ ಸಿಗುತ್ತದೆ. ಟೂರ್ ದ ಫ್ರಾನ್ಸನ್ನು ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಬಳಕೆಯಲ್ಲಿರುವ ಲೆಕ್ಕ ಇದು. ನನಗೆ 79.5 ಬಂತು. ಅದೇ ಅಳತೆಯನ್ನು 0.67ರಿಂದ ಗುಣಿಸಿದರೆ ಹಳೆಯ ಮಾದರಿಯ, ಮೇಲಿನ ನಳಿಗೆ ನೆಲಕ್ಕೆ ಸಮವಾಗಿರುವ ಫ್ರೇಮಿನ ಅಳತೆ. ಅದು 60.3.

ಅರವತ್ತು ಸೆಂಟಿಮೀಟರ್ ಅಂದರೆ ಇಂಚಿನಲ್ಲಿ ಎಷ್ಟು ಎಂದು ಫೋನಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ನಾಲ್ಕಕ್ಕೆ ಕೂದಲೆಳೆಯಷ್ಟು ಕಮ್ಮಿ.

ಸುಮ್ಮನೆ ಕೂತುಬಿಟ್ಟೆ. ಆ ಅಟ್ಲಾಸ್ ಅಪ್ಪನಿಗೆ ಮದುವೆಯಲ್ಲಿ ಬಂದದ್ದು. ತೆಗೆದುಕೊಟ್ಟವರು ಅಮ್ಮನ ಅಪ್ಪ. ಆರಡಿ ಮೀರಿದ ಆಸಾಮಿ. ತನ್ನ ಮೈಗೆ ನೋಡಿ ದೊಡ್ಡದನ್ನೇ ಆರಿಸಿದ್ದರು. ಅಪ್ಪ ಐದಡಿ ನಾಲ್ಕಿಂಚು. ಸಿಂಧನೂರಿನ ಹತ್ತಿರದ ಶಾಲೆಗೆ ಎಡದಂಡೆ ನಾಲೆಯ ದಾರಿಯಲ್ಲಿ ಮೂವತ್ತು ವರ್ಷ ಅದನ್ನೇ ತುಳಿದರು. ಒಂದು ಪೆಡಲ್ ಮುಟ್ಟಲು ಸೊಂಟ ಎಡಕ್ಕೆ ಜಾರಿಸಬೇಕು, ಇನ್ನೊಂದಕ್ಕೆ ಬಲಕ್ಕೆ. ನಿಲ್ಲಿಸಬೇಕೆಂದರೆ ಎತ್ತರದ ಕಲ್ಲೋ ಕಟ್ಟೆಯೋ ಹುಡುಕಬೇಕು. 22ರದ್ದಕ್ಕೆ ಬದಲಿಸಿಕೊಳ್ಳಬಹುದಿತ್ತಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಸೈಕಲ್ ನಮಗ ಹೊಂದಂಗಿಲ್ಲೋ, ನಾವ ಅದಕ್ಕ ಹೊಂದಬೇಕು" ಅಂದಿದ್ದರು. ಮಾವ ಕೊಟ್ಟದ್ದನ್ನು ಬದಲಿಸುವುದು ಅವಮರ್ಯಾದೆ ಎಂಬುದು ಒಳಗಿನ ಮಾತು.

ಪಿಯುಸಿಯ ಎರಡು ವರ್ಷ ಆ ಸೈಕಲ್ ನನ್ನ ಕೈಗೆ ಬಂತು. ಅಷ್ಟರಲ್ಲಿ ನಾನು ಅಜ್ಜನಷ್ಟು ಬೆಳೆದಿದ್ದೆ. ಎಷ್ಟು ದೂರ ತುಳಿದರೂ ಬೆನ್ನು ನೋಯಲಿಲ್ಲ, ಕೈ ಜೋಮು ಹಿಡಿಯಲಿಲ್ಲ. ವಯಸ್ಸು ಅಂದುಕೊಂಡಿದ್ದೆ, ಅಳತೆಯೂ ಇತ್ತು. ನಾನು ಇಂಜಿನಿಯರಿಂಗಿಗೆ ಹೋದಾಗ ಮಾರಿದರು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿದ ಸುದ್ದಿ ಓದಿದಾಗ ಅಪ್ಪನಿಗೆ ಫೋನ್ ಮಾಡಬೇಕು ಅನ್ನಿಸಿತ್ತು. ಆಗ ಅವರು ಇರಲಿಲ್ಲ.

ಹೊಸ ಸೈಕಲ್ಲಿಗೆ ಆ ಹಳೆಯ ಲೆಕ್ಕವೊಂದೇ ಸಾಲದು. 1990ರ ದಶಕದಲ್ಲಿ ತೈವಾನಿನ ಜೈಂಟ್ ಕಂಪನಿಗಾಗಿ ಇಂಗ್ಲೆಂಡಿನ ಮೈಕ್ ಬರೋಸ್ ರೂಪಿಸಿದ ಟಿಸಿಆರ್‌ನಂಥ ಮಾದರಿಗಳಿಂದ ಮೇಲಿನ ನಳಿಗೆ ಹಿಂದಕ್ಕೆ ಇಳಿಜಾರಾಯಿತು. ಫ್ರೇಮು ಹಗುರವಾಯಿತು, ಹತ್ತು ಅಳತೆಗಳ ಜಾಗದಲ್ಲಿ ಎಸ್, ಎಂ, ಎಲ್ ಸಾಕಾಯಿತು. ನಡುವಿನ ಎತ್ತರದವರಿಗೆ ತೊಂದರೆಯಿಲ್ಲ, ಎರಡು ತುದಿಯವರಿಗೆ ಅಕ್ಷರ ನಂಬಿದರೆ ಕಷ್ಟ. ನೋಡಬೇಕಾದದ್ದು ಎರಡು ಅಂಕಿ. ಪೆಡಲ್ ಅಚ್ಚಿನಿಂದ, ಹ್ಯಾಂಡಲ್ ಕೂರುವ ನಳಿಗೆಯ ಮೇಲ್ತುದಿಯವರೆಗಿನ ನೇರ ಎತ್ತರ 'ಸ್ಟ್ಯಾಕ್'. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ 'ರೀಚ್'. ನನ್ನ ಸೈಕಲ್ಲಿನ ಸ್ಟ್ಯಾಕ್ 56 ಸೆಂಟಿಮೀಟರ್ ಇತ್ತು. ನನಗೆ ಬೇಕಾಗಿದ್ದದ್ದು 62ರ ಆಸುಪಾಸು.

ಎತ್ತರ ಒಂದೇ ಆದರೂ ಸಾಲದು. ನಮ್ಮ ಟೀಮಿನಲ್ಲಿ ನನ್ನಷ್ಟೇ ಎತ್ತರದ ಹುಡುಗನೊಬ್ಬನಿದ್ದಾನೆ. ಅವನ ಒಳಗಾಲು 84, ಮುಂಡ ಉದ್ದ. ಅವನಿಗೆ ರೀಚ್ ಹೆಚ್ಚು ಬೇಕು, ಸ್ಟ್ಯಾಕ್ ಅಷ್ಟು ಬೇಡ. ನನ್ನ ಸೈಕಲ್ ಅವನಿಗೆ ಆಗುವುದಿಲ್ಲ.

"ಇನ್ನೊಂದು ಸೈಕಲ್ಲಾ?" ಎಂದು ಹೆಂಡತಿ ಕೇಳಿದಳು. ಜೋಮಿನ ಕಥೆ, ಅಪ್ಪನ ಚಪ್ಪಲಿಯ ಭಯ ಎಲ್ಲ ಅವತ್ತೇ ಹೇಳಿದೆ. ಬೈದಳು, ಸೈಕಲ್ಲಿಗಲ್ಲ, ಮುಚ್ಚಿಟ್ಟದ್ದಕ್ಕೆ. ಎಕ್ಸ್‌ಎಲ್ ಅಂಗಡಿಯಲ್ಲಿ ಇರಲಿಲ್ಲ. ಎಲ್ಲೇ ಇದೆ, ಅಡ್ಜಸ್ಟ್ ಆಗುತ್ತೆ ಎಂದು ಮತ್ತೆ ಇಬ್ಬರು ಹೇಳಿದರು. ಎರಡು ತಿಂಗಳು ಕಾದೆ. ಬಂದಾಗ ಒಂದೇ ಶರತ್ತು ಹಾಕಿದೆ. ಹ್ಯಾಂಡಲ್ ಕೆಳಗಿನ ಉದ್ದ ಕೊಳವೆಯನ್ನು ಈಗಲೇ ಕತ್ತರಿಸಬೇಡಿ, ಒಂದು ತಿಂಗಳು ತುಳಿದು ನೋಡುತ್ತೇನೆ ಅಂದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಇಪ್ಪತ್ತು ವರ್ಷದಿಂದ ಕ್ಲೈಂಟಿನ ಅಗತ್ಯ ಏನೆಂದು ನೂರು ಪ್ರಶ್ನೆ ಕೇಳಿ ಬರೆದುಕೊಳ್ಳುವವನು ನಾನು. ನನ್ನದೇ ಅಗತ್ಯ ಬರೆದುಕೊಂಡದ್ದು ಇದೇ ಮೊದಲು.

ಮೊದಲ ಭಾನುವಾರ ನಾರ್ಸಿಂಗಿಯಿಂದ ಕೊಲ್ಲೂರಿಗೆ ಹೋಗಿ ಬಂದೆ. ಕಿರುಬೆರಳು ತನ್ನ ಜಾಗದಲ್ಲಿತ್ತು.

ಹಳೆಯ ಸೈಕಲ್ ಮಾರಬೇಕೆಂದಿದ್ದೆ. ಹದಿನೈದರ ಮಗ "ನಾನು ಒಂದ್ಸಲ ನೋಡ್ಲಾ ಪಪ್ಪಾ?" ಅಂದ. ಅದೇ ಗೋಡೆಗೆ, ಅದೇ ಪುಸ್ತಕ ಹಿಡಿಸಿ ನಿಲ್ಲಿಸಿದೆ. 83. ಮೇಲಕ್ಕೆ ಬಾಗಿದ ಸ್ಟೆಮ್ ತೆಗೆದು ಮೊದಲಿನದನ್ನೇ ಹಾಕಿದೆ, ಸೀಟಿನ ಕಂಬದ ಗೆರೆ ಒಳಗೆ ಹೋಯಿತು. ಅವನು ಕಾಂಪೌಂಡಿನಲ್ಲಿ ಎರಡು ಸುತ್ತು ಹೊಡೆದು ಬಂದ. ಕೋಠಿಯ ಮುದುಕ ಅಂದದ್ದು ತಮಾಷೆಯಲ್ಲವಾಯಿತು.

ಗೋಡೆಯ ಮೇಲೆ ಈಗ ಎರಡು ಪೆನ್ಸಿಲ್ ಗುರುತುಗಳಿವೆ. ಅವನದು ಬೇಗ ಮೇಲೇರುತ್ತದೆ, ನನಗೆ ಗೊತ್ತು. ಆರು ತಿಂಗಳಿಗೊಮ್ಮೆ ಅಳೆಯೋಣ, ಸಾಲದಾದಾಗ ಹೇಳು ಅಂದಿದ್ದೇನೆ. ಅವನು ಸಂಕೋಚದಿಂದ "ಇರ್ಲಿ, ಅಡ್ಜಸ್ಟ್ ಮಾಡ್ಕೋತೀನಿ" ಅಂದ. ಬೇಡ, ಹೇಳು ಅಂದೆ.