ಫಲಾನುಭವಿ ಯಾರು?: ಸಮುದಾಯ, ಸಂಶೋಧನೆ ಮತ್ತು ಪ್ರಶಸ್ತಿ

ವಿಶ್ವವಿದ್ಯಾಲಯದ ಜ್ಞಾನವು ಅದರ ಆವರಣದ ಹೊರಗಿನ ಜನರಿಗೂ ಸಲ್ಲಬೇಕೆಂಬ ವಿಚಾರ ಕನ್ನಡಕ್ಕೆ ಹೊಸದಲ್ಲ. 1930ರ ದಶಕದಲ್ಲಿಯೇ ಮೈಸೂರು ವಿಶ್ವವಿದ್ಯಾಲಯವು ಪ್ರಚಾರೋಪನ್ಯಾಸಗಳಿಗಾಗಿ ವಿದ್ವಾಂಸರನ್ನು ಊರುಗಳಿಗೆ ಕಳುಹಿಸಿತು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿಯೂ ಬಂದವು. 1977ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಬೋಧನೆ, ಸಂಶೋಧನೆಗಳ ಜೊತೆಗೆ ವಿಸ್ತರಣೆಯನ್ನು ಉನ್ನತ ಶಿಕ್ಷಣದ ಮೂರನೆಯ ಆಯಾಮವೆಂದು ಅಂಗೀಕರಿಸಿತು. ಹೊಸದೆಂದರೆ ಸಂಶೋಧಕರ ಇಂತಹ ಕೆಲಸಕ್ಕೆ ಪ್ರಶಸ್ತಿ ನೀಡುವ ಪದ್ಧತಿ.

ಬ್ರಿಟನ್ನಿನಲ್ಲಿ ಈ ಪದ್ಧತಿ ವ್ಯವಸ್ಥಿತವಾಗಿ ಬೆಳೆದಿದೆ. ವಿಶ್ವವಿದ್ಯಾಲಯಗಳ ಸಾರ್ವಜನಿಕ ಸಹಭಾಗಿತ್ವಕ್ಕೆಂದು ಬ್ರಿಸ್ಟಲ್ ನಗರದಲ್ಲಿ 2008ರಲ್ಲಿ ರಾಷ್ಟ್ರೀಯ ಸಮನ್ವಯ ಕೇಂದ್ರವೊಂದು ಆರಂಭವಾಯಿತು. ಆಕ್ಸ್‌ಫರ್ಡ್‌ನಂತಹ ವಿಶ್ವವಿದ್ಯಾಲಯಗಳು ಕುಲಪತಿಗಳ ಹೆಸರಿನಲ್ಲಿಯೇ ಪ್ರಶಸ್ತಿಗಳನ್ನು ನೀಡಿವೆ. ಅಲ್ಲಿನ ಸಂಶೋಧನಾ ಮೌಲ್ಯಮಾಪನದಲ್ಲಿ, ಸಮಾಜದ ಮೇಲೆ ಸಂಶೋಧನೆ ಬೀರಿದ ಪರಿಣಾಮಕ್ಕೆ 2014ರಲ್ಲಿ ಶೇಕಡ 20ರಷ್ಟಿದ್ದ ಪಾಲು 2021ರಲ್ಲಿ ಶೇಕಡ 25ಕ್ಕೆ ಏರಿತು. ನಮ್ಮಲ್ಲಿಯೂ ನ್ಯಾಕ್ 2017ರ ಪರಿಷ್ಕೃತ ಚೌಕಟ್ಟಿನಲ್ಲಿ ವಿಸ್ತರಣಾ ಕಾರ್ಯಕ್ಕೆ ದೊರೆತ ಪ್ರಶಸ್ತಿಗಳ ಸಂಖ್ಯೆಯನ್ನು ಕೇಳಿತು. ಗೌರವವಾಗಬೇಕಾದುದು ಹೀಗೆ ಲೆಕ್ಕವೂ ಆಯಿತು.

ಇದರಿಂದ ಪ್ರಶಸ್ತಿಯೇ ಬೇಡವೆಂದು ಹೇಳಲಾಗದು. ಆಯೋಗದ 2018ರ ನಿಯಮಾವಳಿಯಂತೆ ಮಾನವಿಕ ವಿಷಯಗಳಲ್ಲಿ ಅಂಗೀಕೃತ ಪತ್ರಿಕೆಯ ಒಂದು ಲೇಖನಕ್ಕೆ 10 ಅಂಕ. ಹಾಡನ್ನು ಹಾಡಿದವರಿಗೆ ಮರಳಿ ತಲುಪಿಸುವ ಶ್ರಮಕ್ಕೆ ಅಂಕವಿಲ್ಲ. ಕೆಲಸ ಹುಡುಕುತ್ತಿರುವ ಸಂಶೋಧನಾರ್ಥಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ಅಂತಹ ಶ್ರಮವನ್ನು ಗುರುತಿಸುವ ಪ್ರಶಸ್ತಿ ಬೇಕು. ಅದು ಏನನ್ನು ಗುರುತಿಸುತ್ತದೆ ಎಂಬುದೇ ಪ್ರಶ್ನೆ.

ನನ್ನ ಅಧ್ಯಯನ ಶಿರಾ ತಾಲ್ಲೂಕಿನ ಸೋಬಾನೆ ಪದಗಳನ್ನು ಕುರಿತದ್ದು. ಧ್ವನಿಮುದ್ರಣ ಮುಗಿದ ಮೇಲೆ ಹಾಡುಗಳನ್ನು ಆ ಮಹಿಳೆಯರ ಮನೆಯ ಮೊಬೈಲುಗಳಿಗೆ ಹಾಕಿಕೊಟ್ಟೆ. ಊರಿನ ಶಾಲೆಯ ಮಕ್ಕಳು ಅವನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಿರಿಯರು ಓದಿಸಿ ಕೇಳಿ ತಿದ್ದಿದರು. ಒಂದು ಪದವನ್ನು ಹುಡುಗಿಯೊಬ್ಬಳು ಹಸೆಗೆ ಕರೆಯುವ ಪದಗಳ ಸಾಲಿಗೆ ಸೇರಿಸಿದಾಗ ಅಜ್ಜಿ ತಡೆದರು: “ಇದು ಹೆಣ್ಣೊಪ್ಸೋ ಪದ ಕಣವ್ವ. ಇದನ್ನ ಹಾಡೋವಾಗ ಹೆತ್ತೋಳು ಅಳ್ತಿರ್ತಾಳೆ, ಅದುಕ್ಕೇ ರಾಗ ಎಳೀಬೇಕು.” ಪದದ ಸಂದರ್ಭಕ್ಕೂ ರಾಗದ ಗತಿಗೂ ಇರುವ ಈ ಸಂಬಂಧ ನನ್ನ ಪ್ರಬಂಧದ ಒಂದು ಅಧ್ಯಾಯಕ್ಕೆ ತಳಹದಿಯಾಯಿತು.

ಈ ಕೆಲಸವನ್ನು ಸಮುದಾಯ ಸಹಭಾಗಿತ್ವದ ಪ್ರಶಸ್ತಿಯೊಂದಕ್ಕೆ ಕಳುಹಿಸಲು ಹಿರಿಯರೊಬ್ಬರು ಸೂಚಿಸಿದರು. ಅರ್ಜಿಯಲ್ಲಿ ಕಾರ್ಯಕ್ರಮಗಳ ಸಂಖ್ಯೆ, ಬ್ಯಾನರ್ ಸಹಿತ ಛಾಯಾಚಿತ್ರ, ಪತ್ರಿಕಾ ವರದಿ ಹಾಗೂ ‘ಫಲಾನುಭವಿಗಳ ವಿವರ’ ಎಂಬ ಅಂಕಣಗಳಿದ್ದವು. ಕೊನೆಯ ಅಂಕಣದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಹಾಡಿದವರು ಅವರು, ತಿದ್ದಿದವರು ಅವರು. ಪದವಿ ಬರುವುದು ನನಗೆ. ಹಾಗಾಗಿ ಫಲಾನುಭವಿಗಳ ಪಟ್ಟಿಯಲ್ಲಿ ಮೊದಲು ನನ್ನ ಹೆಸರನ್ನೇ ಬರೆದೆ. ಅರ್ಜಿ ನಿಗದಿತ ನಮೂನೆಯಲ್ಲಿಲ್ಲವೆಂದು ಹಿಂದಿರುಗಿತು.

ನಮೂನೆಯ ಭಾಷೆಯೇ ಇಲ್ಲಿ ಒಂದು ಜ್ಞಾನಮೀಮಾಂಸೆಯನ್ನು ಹೇಳುತ್ತಿದೆ. ವಿಶ್ವವಿದ್ಯಾಲಯ ಕೊಡುವ ಕೈ, ಊರು ಒಡ್ಡುವ ಕೈ ಎಂಬ ಗ್ರಹಿಕೆ ಅದರದು. ಜಾನಪದ ಕ್ಷೇತ್ರಕಾರ್ಯದಲ್ಲಿ ತೊಡಗಿರುವ ಯಾರಿಗಾದರೂ ವಾಸ್ತವ ಇದಕ್ಕೆ ವಿರುದ್ಧವೆಂಬುದು ತಿಳಿದಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಓದುಬರಹ ಕಲಿಯದ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮನವರಿಗೆ ‘ನಾಡೋಜ’ ಗೌರವ ನೀಡಿದಾಗ, ವಕ್ತೃವೂ ವಿದ್ವಾಂಸರೆಂಬುದನ್ನು ಒಪ್ಪಿಕೊಂಡಿತು. ಸಂಶೋಧಕರಿಗೆ ನೀಡುವ ಪ್ರಶಸ್ತಿಗಳು ಈ ಒಪ್ಪಿಗೆಯಿಂದ ಕಲಿಯಬೇಕಾಗಿದೆ.

ಅದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಆಯ್ಕೆ ಸಮಿತಿಯಲ್ಲಿ ಆ ಸಮುದಾಯದ ಒಬ್ಬರಾದರೂ ಇರಲಿ. ಪ್ರಶಸ್ತಿಪತ್ರದಲ್ಲಿ ಒಪ್ಪಿಗೆಯಿರುವ ವಕ್ತೃಗಳ ಹೆಸರು ಸಂಶೋಧಕರ ಹೆಸರಿನ ಜೊತೆಗೇ ಬರಲಿ. ಕೆಲಸ ಮುಗಿದ ಒಂದು ವರ್ಷದ ನಂತರ ಸಮಿತಿಯು ಊರಿಗೆ ಹೋಗಿ, ಅಲ್ಲಿ ಏನು ಉಳಿದಿದೆಯೆಂದು ಕೇಳಲಿ. ಕಾರ್ಯಕ್ರಮದ ಛಾಯಾಚಿತ್ರಕ್ಕಿಂತ ಆ ಉತ್ತರವೇ ಹೆಚ್ಚಿನ ಆಧಾರವಾಗಬಲ್ಲದು.