ಹಳಿ

ನಮ್ಮಪ್ಪ ಆಚಾರಿಯ ಕುಲುಮೆ ಅಂಗಳದಲ್ಲಿ ಸಮ್ಮಟಿಗೆ ಹೊಡೀತಿದ್ದ. ಉಕ್ಕಿನ ಪಟ್ಟಿಯನ್ನು ಕಡಿದು, ಬಗ್ಗಿಸಿ, ತುದಿಗಳನ್ನು ಬೆಸೆದು, ಒಳಸುತ್ತಳತೆ ಗಾಡಿಚಕ್ರದ ಸುತ್ತಳತೆಗಿಂತ ಬೆರಳಗಲ ಕಮ್ಮಿ ಇರೋ ಹಾಗೆ ಹಳಿ ಮಾಡಬೇಕು. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತೆ. ಮರಕ್ಕೆ ತೊಡಿಸಿ ನೀರು ಹುಯ್ದರೆ ಕುಗ್ಗಿ ಕಚ್ಚಿಕೊಳ್ಳುತ್ತೆ. ಅಳತೆ ತೀರಾ ಕಮ್ಮಿಯಾದರೆ ಅರೆಕಾಲುಗಳೇ ಮುರೀತವೆ.

ಸ್ಕೂಲಿನಲ್ಲಿ 22/7 ಕಲಿತು ಬಂದವನು ನಾನು. 'ಅಪ್ಪಾ, ಒಳವ್ಯಾಸಕ್ಕೆ ಪಟ್ಟಿಯ ದಪ್ಪ ಕೂಡ್ಸಿ ಗುಣಿಸಿದ್ರೆ ಸಾಕು' ಅಂದೆ. ಅಪ್ಪ ನಕ್ಕ. 'ಹಗ್ಗ ಸುತ್ತಿ ನೋಡ್ಲಾ ಮಗಾ.' ಎರಡೂ ಒಂದೇ ಬಂತು.

ತಿದಿಯ ತೊಗಲು ನಮ್ಮ ಕೇರಿಯದು. ಕಾದ ಹಳಿಗೆ ಇಕ್ಕಳ ಹಾಕೋಕೆ ನಾವು ಬೇಕು. ತಣಿಸೋ ನೀರನ್ನು ಮಾತ್ರ ಅವರೇ ಸೇದಬೇಕು, ಬಾವಿ ಮೈಲಿಗೆಯಾಗುತ್ತಲ್ಲ! ಒಮ್ಮೆ ನೀರು ತಡವಾಯಿತು. ಅಪ್ಪನ ಮುಂಗೈಯಲ್ಲಿ ಆ ಹಳಿಯ ಗುರುತು ಇನ್ನೂ ಇದೆ. ಅವತ್ತಿನ ಕೂಲಿ ಎರಡು ಸೇರು ರಾಗಿ.